ರಾತ್ರಿಯ ಲೆನ್ಸ್, ಹಗಲಿನ ಆಟ

ಮಕ್ಕಳೇ, ಓಕಳಿಪುರಂನ ರೈಲ್ವೆ ಸೇತುವೆಯ ಹತ್ತಿರ ನಿಂತಾಗ, ದೂರದಿಂದ ಬರುವ ಬಸ್ಸಿನ ನಂಬರು ನಿಮಗೆ ಮಸುಕಾಗಿ ಕಾಣುತ್ತದೆಯೇ? ಕೈಯಲ್ಲಿರುವ ಪುಸ್ತಕದ ಅಕ್ಷರ ಮಾತ್ರ ಸ್ಪಷ್ಟವೇ? ಹಾಗಿದ್ದರೆ ಅದು ಸಮೀಪದೃಷ್ಟಿ ದೋಷ ಇರಬಹುದು. ಸಾಮಾನ್ಯವಾಗಿ ಈ ದೋಷದಲ್ಲಿ ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗಿ ಬೆಳೆದಿರುತ್ತದೆ. ದೂರದ ವಸ್ತುವಿನ ಬಿಂಬ ರೆಟಿನಾದ ಮೇಲೆ ಬೀಳದೆ ಅದರ ಮುಂದೆಯೇ ಮೂಡುತ್ತದೆ.

ಈಗ ರಾತ್ರಿ ಹಾಕಿಕೊಂಡು ಮಲಗುವ ಲೆನ್ಸ್ ಬಂದಿದೆ. ಅದು ಕಣ್ಣಿನ ಮುಂಭಾಗದ ಕಾರ್ನಿಯಾವನ್ನು ತುಸು ಚಪ್ಪಟೆ ಮಾಡುತ್ತದೆ. ಬೆಳಿಗ್ಗೆ ತೆಗೆದಿಟ್ಟರೆ ಹಗಲು ಕನ್ನಡಕ ಬೇಕಿಲ್ಲ! ಲೆನ್ಸ್ ಹಾಕುವುದನ್ನು ಬಿಟ್ಟರೆ ಕಾರ್ನಿಯಾ ಮೊದಲಿನಂತಾಗುತ್ತದೆ. 2012ರಲ್ಲಿ ಪ್ರಕಟವಾದ ಹಾಂಗ್‌ಕಾಂಗ್‌ನ ಅಧ್ಯಯನವೊಂದರಲ್ಲಿ, ಇದನ್ನು ಧರಿಸಿದ ಮಕ್ಕಳ ಕಣ್ಣುಗುಡ್ಡೆ ಎರಡು ವರ್ಷಗಳಲ್ಲಿ ಉದ್ದವಾದದ್ದು ಕನ್ನಡಕದ ಮಕ್ಕಳಿಗಿಂತ ಶೇ. 43ರಷ್ಟು ಕಡಿಮೆ. ಒಳ್ಳೆಯ ವಿಷಯವೇ. ಆದರೆ ಬೆಲೆ ದುಬಾರಿ. ನಲ್ಲಿ ನೀರಿನಲ್ಲಿ ತೊಳೆದರೆ, ಕೊಳೆ ಕೈಯಲ್ಲಿ ಮುಟ್ಟಿದರೆ ಕಾರ್ನಿಯಾಕ್ಕೆ ಸೋಂಕು ತಗುಲಿ ದೃಷ್ಟಿಗೇ ಕುತ್ತು ಬರಬಹುದು.

ಚೀನಾದ ಗ್ವಾಂಗ್‌ಝೌ ನಗರದ ಕೆಲವು ಶಾಲೆಗಳು ಬೇರೆ ದಾರಿ ಹಿಡಿದವು. ದಿನಕ್ಕೆ 40 ನಿಮಿಷ ಮಕ್ಕಳನ್ನು ಹೆಚ್ಚುವರಿಯಾಗಿ ಬಯಲಿಗೆ ಬಿಟ್ಟವು. ಮೂರು ವರ್ಷಗಳಲ್ಲಿ ಅಲ್ಲಿ ಸಮೀಪದೃಷ್ಟಿ ಹೊಸದಾಗಿ ಬಂದದ್ದು ಸುಮಾರು ಶೇ. 30 ಮಕ್ಕಳಿಗೆ, ಉಳಿದ ಶಾಲೆಗಳಲ್ಲಿ ಸುಮಾರು ಶೇ. 40. ಇದು 2015ರ ವರದಿ.

ಆದ್ದರಿಂದ ಆಟದ ಪೀರಿಯಡ್ಡನ್ನು ಗಣಿತಕ್ಕೋ ವಿಜ್ಞಾನಕ್ಕೋ ಕಿತ್ತುಕೊಳ್ಳಬಾರದು ಎಂಬುದು ನನ್ನ ವಾದ. (ನಾನೂ ಕಿತ್ತುಕೊಂಡವನೇ!) ದೋಷ ಈಗಾಗಲೇ ಬಂದಿದ್ದರೆ ಆಟವೊಂದೇ ಸಾಲದು, ಕನ್ನಡಕ ಬೇಕು. ಕಪ್ಪುಹಲಗೆ ಸರಿಯಾಗಿ ಕಾಣದವರು ಇಂದೇ ನಿಮ್ಮ ಮೇಷ್ಟ್ರಿಗೆ ಹೇಳಿ. ಚಾಮರಾಜಪೇಟೆಯ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆ ಓಕಳಿಪುರಂಗೆ ದೂರವೇನಲ್ಲ.