ಆರೋಗ್ಯ ವಿಚಾರ: ಮಹಾಪಧಮನಿಯ ಉಬ್ಬು

ಹೃದಯದಿಂದ ಹೊರಟು ಹೊಟ್ಟೆಯೊಳಗೆ ಇಳಿಯುವ ದೊಡ್ಡ ರಕ್ತನಾಳಕ್ಕೆ ಮಹಾಪಧಮನಿಯೆಂದು ಹೆಸರು. ಹೊಟ್ಟೆಯ ಭಾಗದಲ್ಲಿ ಅದರ ಅಗಲ ಸಾಮಾನ್ಯವಾಗಿ ಸುಮಾರು 2 ಸೆಂಟಿಮೀಟರು. ಗೋಡೆ ಸಡಿಲಗೊಂಡು ಅದು 3 ಸೆಂಟಿಮೀಟರಿಗೆ ಹಿಗ್ಗಿದರೆ ವೈದ್ಯರು ಅನ್ಯೂರಿಸಮ್ ಎನ್ನುತ್ತಾರೆ. ಈ ಸಲ ನಾವು ವಾಚಕರ ಮುಂದಿಡುವುದು ಈ ಉಬ್ಬಿನ ವಿಚಾರವನ್ನೇ.

1948ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರವೈದ್ಯ ರುಡಾಲ್ಫ್ ನಿಸ್ಸನ್ನರು ವಿಜ್ಞಾನಿ ಆಲ್ಬರ್ಟ್ ಐನ್‌ಸ್ಟೈನರ ಹೊಟ್ಟೆಯನ್ನು ತೆರೆದಾಗ ಅಲ್ಲಿ ಕಂಡದ್ದು ಇಂತಹ ದೊಡ್ಡ ಉಬ್ಬು. ಕೆಟ್ಟ ಭಾಗವನ್ನು ತೆಗೆದು ಬೇರೆ ನಾಳವನ್ನು ಜೋಡಿಸುವ ವಿದ್ಯೆ ಆಗಿನ್ನೂ ಕೈಗೂಡಿರಲಿಲ್ಲ. ನಿಸ್ಸನ್ನರು ಉಬ್ಬಿಗೆ ಸೆಲೋಫೇನ್ ಹಾಳೆಯನ್ನು ಸುತ್ತಿದರು. ಮಿಠಾಯಿಗೆ ಸುತ್ತುವ ಜಾತಿಯ ಹಾಳೆಯೇ! ಪರವಸ್ತುವನ್ನು ಕಂಡು ಶರೀರದ ರಕ್ಷಣಾಪಡೆ ಕೆರಳಿ ಉರಿಯೂತವೆದ್ದು, ಅದು ಮಾಯುವಾಗ ನಾರಿನಂತಹ ಗಟ್ಟಿ ಪದರ ಬೆಳೆದು ನಾಳಕ್ಕೆ ಆಸರೆಯಾದೀತೆಂಬುದು ಅವರ ಎಣಿಕೆ.

ಆದರೆ ನಾಳದ ಗೋಡೆಯನ್ನು ಸಡಿಲಿಸುವುದರಲ್ಲಿಯೂ ಉರಿಯೂತದ ಕೈವಾಡವಿದೆಯೆಂದು ಅನಂತರದ ಸಂಶೋಧನೆಗಳು ತೋರಿಸಿವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಹೊಗೆಸೊಪ್ಪು, ವಯಸ್ಸು, ರಕ್ತದೊತ್ತಡಗಳಿಂದ ನೊಂದ ಗೋಡೆಯೊಳಗೆ ಬಿಳಿಯ ರಕ್ತಕಣಗಳು ನುಗ್ಗುತ್ತವೆ. ಅವುಗಳಲ್ಲಿ ಭಕ್ಷಕ ಕಣಗಳು ಸ್ರವಿಸುವ ಕಿಣ್ವಗಳು, ಗೋಡೆಗೆ ಹಿಗ್ಗಿ ಕುಗ್ಗುವ ಗುಣವನ್ನು ಕೊಡುವ ಎಲಾಸ್ಟಿನ್ ಎಳೆಗಳನ್ನು ಕರಗಿಸುತ್ತವೆ. ತುಂಡಾದ ಎಳೆಗಳ ಚೂರುಗಳೇ ಮತ್ತಷ್ಟು ಕಣಗಳನ್ನು ಸೆಳೆದು ತರುತ್ತವೆ. ಬಾಲ್ಯ ಕಳೆದ ಮೇಲೆ ಎಲಾಸ್ಟಿನ್ ಹೊಸದಾಗಿ ಹುಟ್ಟುವುದು ತೀರ ಕಡಿಮೆ, ಹೋದದ್ದು ಹೋದಂತೆಯೇ.

ಹಾಗಾದರೆ ಈ ಕಿಣ್ವಗಳನ್ನು ತಡೆಯುವ ಔಷಧವನ್ನೇ ಕೊಡಬಾರದೇ? ಡಾಕ್ಸಿಸೈಕ್ಲಿನ್ ಇಲಿಗಳಲ್ಲಿ ಫಲ ನೀಡಿತ್ತು. ಅಮೆರಿಕದಲ್ಲಿ ಸಣ್ಣ ಉಬ್ಬುಳ್ಳ ರೋಗಿಗಳಿಗೆ 2 ವರ್ಷ ಅದನ್ನು ಕೊಟ್ಟು ನೋಡಿದ ಪರೀಕ್ಷೆಯ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಉಬ್ಬಿನ ಬೆಳವಣಿಗೆ ತಗ್ಗಲಿಲ್ಲ.

ಸದ್ಯಕ್ಕೆ ನಮ್ಮ ಕೈಯಲ್ಲಿರುವ ದೊಡ್ಡ ಉಪಾಯವೆಂದರೆ ಬೀಡಿ ಸಿಗರೇಟುಗಳನ್ನು ಬಿಡುವುದು. ಒಡೆಯುವ ತನಕ ಈ ಉಬ್ಬು ಬಹುಮಟ್ಟಿಗೆ ನೋವು ಕೊಡದು. ಆದಕಾರಣ ಹಿಂದೆ ಸೇದುತ್ತಿದ್ದ, ಈಗ ಬಿಟ್ಟಿರುವ ಗಂಡಸರೂ 65 ದಾಟಿದ ಮೇಲೆ ಒಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸುವ ಬಗ್ಗೆ ವೈದ್ಯರನ್ನು ಕೇಳಬೇಕು. ಗಂಡಸರಲ್ಲಿ ಅಗಲ 5.5 ಸೆಂಟಿಮೀಟರನ್ನು ಮುಟ್ಟಿದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಹೊಟ್ಟೆಯಲ್ಲೋ ಬೆನ್ನಿನಲ್ಲೋ ಥಟ್ಟನೆ ಭಯಂಕರ ನೋವೆದ್ದರೆ ಕಷಾಯ ಕುದಿಸುತ್ತ ಕೂರದೆ ದೊಡ್ಡ ಆಸ್ಪತ್ರೆಗೆ ಧಾವಿಸಬೇಕು.

ಬಹುಕಾಲ ಪೈಪು ಸೇದಿದ ಐನ್‌ಸ್ಟೈನರು ಆ ಹಾಳೆಯನ್ನು ಸುತ್ತಿಸಿಕೊಂಡು ಇನ್ನೂ 6 ವರ್ಷಗಳಿಗೂ ಮಿಗಿಲಾಗಿ ಬದುಕಿದರು. 1955ರ ಏಪ್ರಿಲಿನಲ್ಲಿ ಉಬ್ಬು ಒಡೆಯಿತು. ಮತ್ತೊಂದು ಶಸ್ತ್ರಚಿಕಿತ್ಸೆಗೆ ಅವರು ಒಪ್ಪಲಿಲ್ಲ, 18ರಂದು ತೀರಿಕೊಂಡರು.