ನಾಳೆಯಿಲ್ಲದ ವ್ಯಾಪಾರ

ಪ್ರವಾಸಿ ಹಡಗಿನಲ್ಲಿ, ಅಂದರೆ ವಸತಿ, ಊಟ, ಮನರಂಜನೆಗಳನ್ನೆಲ್ಲ ಒಡಲಲ್ಲೇ ಇರಿಸಿಕೊಂಡು ಬಂದರಿನಿಂದ ಬಂದರಿಗೆ ಸಾಗುವ ಕ್ರೂಸ್‌ನಲ್ಲಿ, ರಜೆ ಕಳೆಯುವುದು ಜಯನಗರ, ಬನಶಂಕರಿಯ ಮನೆಗಳಿಗೂ ಈಗ ಹೊಸ ಮಾತಲ್ಲ. ಹಡಗಿನ ನೆಮ್ಮದಿಯನ್ನು ಹೊಗಳುವವರು ದಡಕ್ಕಿಳಿದೊಡನೆ ಮುತ್ತಿಕೊಳ್ಳುವ ವ್ಯಾಪಾರಿಗಳ ಕಾಟವನ್ನೂ ತಪ್ಪದೆ ಹೇಳುತ್ತಾರೆ. ಆದರೆ ಈ ಕಾಟವನ್ನು ವ್ಯಾಪಾರಿಯ ಸ್ವಭಾವಕ್ಕೆ ಅಂಟಿಸುವುದು ಅನ್ಯಾಯ. ಅದರ ಬೇರು ಇರುವುದು ಹಡಗಿನ ವೇಳಾಪಟ್ಟಿಯಲ್ಲಿ.

ಪಣಂಬೂರಿನ ನವಮಂಗಳೂರು ಬಂದರನ್ನೇ ನೋಡಬಹುದು. ಅಲ್ಲಿಗೆ ವಿದೇಶಿ ಪ್ರವಾಸಿಗರ ಹಡಗುಗಳು ಬರುವುದು ಮಳೆಗಾಲ ಮುಗಿದ ಮೇಲಿನ ಕೆಲವೇ ತಿಂಗಳುಗಳಲ್ಲಿ. ಸಾಮಾನ್ಯವಾಗಿ ಬೆಳಿಗ್ಗೆ ಬಂದ ಹಡಗು ಸಂಜೆಗೆಲ್ಲ ಹೊರಟುಬಿಡುತ್ತದೆ. ಆ ನಡುವೆ ಬಸ್ಸುಗಳು ಪ್ರವಾಸಿಗರನ್ನು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೋ, 1432ರಲ್ಲಿ ನಿಂತ ಕಾರ್ಕಳದ ಗೊಮ್ಮಟನಲ್ಲಿಗೋ, ಕದ್ರಿ, ಕುದ್ರೋಳಿಗಳಿಗೋ ಕರೆದೊಯ್ದು ತರುವಷ್ಟರಲ್ಲಿ ಖರೀದಿಗೆ ಉಳಿಯುವುದು ಅಲ್ಪ ಸಮಯ. ಇದಲ್ಲದೆ, ಗಿರಾಕಿಗಳನ್ನು ಗೊತ್ತಾದ ಅಂಗಡಿಗೆ ಕರೆತಂದವರಿಗೆ ಮಾರಾಟದಲ್ಲೊಂದು ಪಾಲು ಸಲ್ಲುವ ಕಮಿಷನ್ ಪದ್ಧತಿ ಜಗತ್ತಿನ ಎಷ್ಟೋ ಪ್ರವಾಸಿ ತಾಣಗಳಲ್ಲಿ ರೂಢಿಯಲ್ಲಿದ್ದು, ಅಂಥ ಕಡೆ ರಸ್ತೆಬದಿಯವನ ಪಾಲಿಗೆ ಮಿಕ್ಕುವುದು ಬಸ್ಸಿನ ಬಾಗಿಲಿಂದ ಅಂಗಡಿಯ ಮೆಟ್ಟಿಲವರೆಗಿನ ಹತ್ತು ಹೆಜ್ಜೆ ಮಾತ್ರ.

ಜಯನಗರ ನಾಲ್ಕನೇ ಬ್ಲಾಕಿನ ವಾಣಿಜ್ಯ ಸಂಕೀರ್ಣದ ಸುತ್ತ ಬಳೆ, ಹೂವು, ಬಟ್ಟೆ ಮಾರುವವರ ಸ್ಥಿತಿ ಬೇರೆ. ಚೌಕಾಸಿ ಮಾಡಿ, ದರ ಕುದುರದೆ ಮುಂದೆ ಹೋದ ಗಿರಾಕಿ ಮಾರನೆಯ ವಾರ ಮತ್ತೆ ಅದೇ ದಾರಿಯಲ್ಲಿ ಬರುತ್ತಾಳೆಂಬ ನಂಬಿಕೆ ಇರುವುದರಿಂದ ಅಲ್ಲಿ ಸೆರಗು ಹಿಡಿದು ಎಳೆಯುವ ಅಗತ್ಯವಿಲ್ಲ. ಈ ನಂಬಿಕೆಗೆ ಆಧಾರ ಜಾಗದ ಭದ್ರತೆ. 2023ರ ನವೆಂಬರ್‌ನಲ್ಲಿ ಪಾಲಿಕೆ ಅಲ್ಲಿ ತೆರವು ಕಾರ್ಯಾಚರಣೆ ನಡೆಸಿದಾಗ ಅಲುಗಿದ್ದು ಈ ಆಧಾರವೇ. ಪಾದಚಾರಿಗಳಿಗೆ ನಡೆಯಲು ದಾರಿ ಬೇಕೆಂಬುದು ನಿಜವಾದರೂ, 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಸಮೀಕ್ಷೆ ಮುಗಿದು ವ್ಯಾಪಾರ ಪ್ರಮಾಣಪತ್ರ, ಅಂದರೆ ಗೊತ್ತಾದ ಜಾಗದಲ್ಲಿ ಮಾರುವ ಹಕ್ಕಿನ ಪತ್ರ, ಕೈಸೇರುವವರೆಗೆ ಎತ್ತಂಗಡಿ ಕೂಡದೆನ್ನುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸ್ಥಾನಗಳನ್ನು ವ್ಯಾಪಾರಿಗಳ ಪ್ರತಿನಿಧಿಗಳಿಗೇ ಮೀಸಲಿಡುತ್ತದೆ.

2024ರ ಸೆಪ್ಟೆಂಬರ್ 30ರಂದು ಆರಂಭವಾದ ಕೇಂದ್ರದ ಕ್ರೂಸ್ ಭಾರತ್ ಅಭಿಯಾನ 2029ರ ವೇಳೆಗೆ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿಗೊಳಿಸುವ ಗುರಿ ಹೊಂದಿದೆ. ಟರ್ಮಿನಲ್ ಕಟ್ಟುವಷ್ಟೇ ಕಾಳಜಿಯಿಂದ, ಬಂದರಿನ ಹೊರಗಿನ ಪ್ರವಾಸಿ ತಾಣಗಳಲ್ಲಿ ಇದೇ ಕಾಯ್ದೆಯಡಿ ವ್ಯಾಪಾರಿಗಳ ಸಮೀಕ್ಷೆ ನಡೆಸಿ, ಹಡಗು ಬರುವ ದಿನಗಳಿಗೆ ಸರದಿಯಂತೆ ಮಳಿಗೆ ಹಂಚಿ, ಚನ್ನಪಟ್ಟಣದ ಅರಗುಬಣ್ಣದ ಬುಗುರಿಯ ಮೇಲೆ ಮಾಡಿದವರ ಹೆಸರನ್ನೂ ದರವನ್ನೂ ಬರೆಸಿ, ಬಸ್ಸು ಅಂಗಡಿಯೊಂದರ ಮುಂದೆ ನಿಂತಾಗ ಕಮಿಷನ್ ಎಷ್ಟೆಂಬುದನ್ನು ಪ್ರಯಾಣಿಕರಿಗೆ ಮೊದಲೇ ತಿಳಿಸುವ ನಿಯಮವನ್ನು ಈಗಲೇ ತರಬೇಕು.