ಆಪ್ ಸರಿ ಅದ, ಕೂಲಿ ಎಲ್ಲದ?



"ಸಾಫ್ಟ್‌ವೇರ್‌ಗೆ ಜಾತಿ ಇಲ್ರಿ, ಅದು ಎಲ್ಲರಿಗೂ ಒಂದೇ" ಅನ್ನೋರಿಗೆ ನರೇಗಾದ 2021ರ ಕತೆ ನೆನಪು ಮಾಡಿಕೊಡ್ತೀನಿ.

ಆ ವರ್ಷ ಮಾರ್ಚ್‌ನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ರಾಜ್ಯಗಳಿಗೆ ಸೂಚನೆ ಕಳಿಸಿತು: ಕೂಲಿಯನ್ನು ಎಸ್‌ಸಿ, ಎಸ್‌ಟಿ, ಇತರೆ ಅಂತ ಮೂರು ಭಾಗ ಮಾಡಿ ಪಾವತಿಸಿ. ಏನಾಯ್ತು? ಒಂದೇ ಎನ್‌ಎಂಆರ್‌ನಲ್ಲಿ ಹೆಸರಿದ್ದು ಒಂದೇ ಬದುವಿಗೆ ಮಣ್ಣು ಹೊತ್ತವರಿಗೆ ಬೇರೆ ಬೇರೆ ದಿನ ಕೂಲಿ ಬಂತು. "ನಿಮಗ ಮೊದಲ ಬಂತಲ್ಲ, ನಮಗ್ಯಾಕಿಲ್ಲ?" ಅನ್ನೋ ಅಸಮಾಧಾನ ಕೆಲಸದ ಜಾಗಕ್ಕೇ ಬಂತು. ಊರಾಗ ಕೇರಿ ಬೇರೆ ಇಟ್ಟಿದ್ದು ಸಾಲದಂತ ಕಂಪ್ಯೂಟರ್ ಒಳಗೂ ಕೇರಿ ಕಟ್ಟಿದರು. ವಿರೋಧ ಎದ್ದ ಮೇಲೆ ಅದೇ ವರ್ಷ ಹಿಂದಕ್ಕ ತಗೊಂಡರು.

ಆ ಸಾಫ್ಟ್‌ವೇರ್ ಕೆಟ್ಟಿರಲಿಲ್ಲ. ಹೇಳಿದ್ದನ್ನ ಹೇಳಿದಂಗೇ ಮಾಡಿತು. ಹಳ್ಳಿಯಾಗ ಜಾತಿ ಹೆಂಗ ಕೆಲಸ ಮಾಡ್ತದ ಅಂತ ಮಾತ್ರ ಯಾರೂ ಯೋಚನೆ ಮಾಡಲಿಲ್ಲ.

2023ರ ಜನವರಿ 1ರಿಂದ ಎನ್‌ಎಂಎಂಎಸ್ ಆಪ್ ಕಡ್ಡಾಯ ಆಯ್ತು. ದಿನಕ್ಕ ಎರಡು ಸಲ ಫೋಟೋ. ಅಫಜಲಪುರ ತಾಲೂಕಿನ ಬಿಸಿಲು ನಿಮಗೇನು ಹೇಳೋದು? ನಮ್ಮ ಮಣ್ಣೂರಿನಂಥ ಭೀಮಾ ದಂಡೆಯ ಊರಾಗ ಹೆಣ್ಮಕ್ಕಳು ನಸುಕಿನ್ಯಾಗ ಹೋಗಿ ಅಳತೆ ಮುಗಿಸಿದರೂ ಎರಡನೇ ಫೋಟೋಕ್ಕ ಕಾಯಬೇಕು. ಕಾಯಕ ಬಂಧುವಿನ ಫೋನಿಗೆ ನೆಟ್‌ವರ್ಕ್ ಸಿಗದೆ ಫೋಟೋ ಏರಲಿಲ್ಲ ಅಂದ್ರ ದುಡಿದ ದಿನವೂ ಗೈರುಹಾಜರಿ. 2025-26ರ ದರದಾಗ 370 ರೂಪಾಯಿ ಹೋತು. ಆಫೀಸಿನವರಿಗೆ ಅದು 'ತಾಂತ್ರಿಕ ಸಮಸ್ಯೆ'. ತುಂಡು ಭೂಮಿ ಇಲ್ಲದ ನಮ್ಮ ಮಂದಿಗೆ ಅದು ಆ ದಿನದ ಒಲೆ.

ಕಳ್ಳತನ ತಡೆಯೋಕೆ ಆಪ್ ತಂದೀವಿ ಅಂದಿದ್ರು. 2025ರ ಜುಲೈನಲ್ಲಿ ಅದೇ ಸಚಿವಾಲಯ ಹೇಳಿತು: ಕೆಲಸಕ್ಕೆ ಸಂಬಂಧವಿಲ್ಲದ ಫೋಟೋ, ಫೋಟೋದ ಫೋಟೋ ಏರಿಸ್ತಿದ್ದಾರೆ ಅಂತ. ಕಳ್ಳ ಪಾರಾದ, ಕೂಲಿಯವಳು ಸಿಕ್ಕಿಬಿದ್ದಳು!

ಜಾತಿ ಲೆಕ್ಕವೇ ಬೇಡ ಅಂತ ನಾನು ಹೇಳ್ತಿಲ್ಲ. ಲೆಕ್ಕ ಬೇಕು. ಆಪ್‌ನಿಂದ ಎಷ್ಟು ಹಾಜರಿ ಕಳೀತು, ಯಾವ ಕೇರಿಯವರದು ಕಳೀತು ಅನ್ನೋ ಲೆಕ್ಕ ಕೊಡ್ರಿ. ನರೇಗಾ ಕಾಯ್ದೆಯ 17ನೇ ಕಲಂ ಗ್ರಾಮಸಭೆಗೆ ಸಾಮಾಜಿಕ ಲೆಕ್ಕಪರಿಶೋಧನೆಯ ಹಕ್ಕು ಕೊಟ್ಟಿತ್ತು. ನಾಲಾ, ಬದುವಿನ ಲೆಕ್ಕ ನೋಡಿದಂಗ ಆಪ್‌ನ ಲೆಕ್ಕವನ್ನೂ ಅಲ್ಲೇ ನೋಡೋಣ. ಫೋಟೋ ಏರದ ದಿನ ಕಾಗದದ ಹಾಜರಿಗೇ ಕೂಲಿ ಕೊಡಬೇಕು.

ಬೆಂಗಳೂರು, ಪುಣೆ, ಹೈದರಾಬಾದ್‌ನ ಐಟಿ ಕಂಪನಿಯಾಗಿರೋ ನಮ್ಮ ತಮ್ಮ-ತಂಗಿಯರೇ, 'ಟೆಸ್ಟಿಂಗ್ ಪಾಸ್' ಅನ್ನೋ ಮುಂಚೆ ಮೀಟಿಂಗ್‌ನ್ಯಾಗ ಎದ್ದು ಕೇಳ್ರಿ: ಇದು ಫೇಲಾದ ದಿನ ಯಾರ ಮನಿ ಕೂಲಿ ಹೋಗ್ತದ?

ಮುಂದಿನ ಗ್ರಾಮಸಭೆಗೆ ಜಾಬ್ ಕಾರ್ಡ್ ಹಿಡಕೊಂಡು ಬರ್ರಿ. ಜೈ ಭೀಮ್!